ಟರಾಂಟುಲಾಗೆ ಬಿಲ, ಮರೆ

ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ ಬಿಲದಲ್ಲಿ ಬದುಕುವ ಜೇಡ. ಬೆಳೆದದ್ದನ್ನು ಸಾಕುವ ತೊಟ್ಟಿಗೆ 12–15 ಸೆಂ.ಮೀ. ಆಳ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ. ಗೊಬ್ಬರ, ಕೀಟನಾಶಕ ಬೆರೆಸಿದ್ದು ಬೇಡ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಪದರ ಪದರವಾಗಿ ಹಾಕುತ್ತಾ ಅಂಗೈಯಿಂದ ಒತ್ತಿ. ಸಡಿಲ ಬಿಟ್ಟರೆ ಬಿಲ ಕುಸಿಯುತ್ತದೆ. ಮೇಲ್ಪದರ ಒಣಗಿದ ಮೇಲೆಯೇ ಜೇಡವನ್ನು ಬಿಡಿ.

ಕಾರ್ಕ್ ತೊಗಟೆಯನ್ನು ಮೂಲೆಯಲ್ಲಿ ಓರೆಯಾಗಿ, ಅರ್ಧಕ್ಕಿಂತ ಹೆಚ್ಚು ಹೂತುಹೋಗುವಂತೆ ನಿಲ್ಲಿಸಿ. ಅದರಡಿ ಜೇಡದ ಮೈಗಿಂತ ತುಸು ಅಗಲವಾಗಿ, 6–7 ಸೆಂ.ಮೀ. ಆಳಕ್ಕೆ ದಪ್ಪ ಕೋಲಿನಿಂದ ತೂತು ಮಾಡಿ. ಮಿಕ್ಕಿದ್ದನ್ನು ಅದೇ ತೋಡಿಕೊಳ್ಳುತ್ತದೆ, ಕೆಲವೊಮ್ಮೆ ನೀವು ಮಾಡಿಕೊಟ್ಟದ್ದನ್ನು ಬಿಟ್ಟು ಬೇರೆ ಕಡೆಯೇ! ಕಾರ್ಕ್ ಸಿಗದಿದ್ದರೆ ಅರ್ಧ ತೆಂಗಿನ ಚಿಪ್ಪು ಸಾಕು. ಕಾಯಿ ಪೂರ್ತಿ ತುರಿದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ. ಚೂರು ತಿರುಳು ಉಳಿದರೂ ಬೂಷ್ಟು ಹಿಡಿಯುತ್ತದೆ.

ಕಲ್ಲು ಇಡಲೇಬೇಕೆಂದರೆ ತೊಟ್ಟಿಯ ತಳಕ್ಕೇ ಕೂರಿಸಿ. ಕೋಕೋಪೀಟ್ ಮೇಲಿಟ್ಟರೆ ಜೇಡ ಅಡಿಯಲ್ಲಿ ತೋಡುತ್ತಾ ಅದರ ಕೆಳಗೇ ಅಪ್ಪಚ್ಚಿಯಾದೀತು. ಮೇಲ್ಪದರದಿಂದ ಮುಚ್ಚಳಕ್ಕೆ ಇರುವ ಎತ್ತರ, ಜೇಡ ಕಾಲು ಚಾಚಿದಾಗಿನ ಅಳತೆಯ ಒಂದೂವರೆ ಪಟ್ಟು ಮೀರದಿರಲಿ. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯಬಹುದು.

ಬಿಲದ ಬಾಯಿ ಮುಚ್ಚಿಕೊಂಡು ವಾರಗಟ್ಟಲೆ ಕಾಣದಿದ್ದರೆ ಪೊರೆ ಬಿಡುತ್ತಿರಬಹುದು. ಅಗೆದು ನೋಡಬೇಡಿ. ನೀರಿನ ಬಟ್ಟಲು ತುಂಬಿಡಿ, ತಿನ್ನದೆ ಉಳಿದ ಜೀವಂತ ಹುಳುಗಳನ್ನು ತೆಗೆದುಬಿಡಿ.