ಎಕ್ಸ್ ಎಷ್ಟು ಡಿಗ್ರಿ? ಅಕ್ಕಪಕ್ಕದ ಕೋನಗಳನ್ನು ಕೇಳಿ

ಚಿತ್ರದಲ್ಲಿ ನಾಲ್ಕಾರು ಗೆರೆ, ಒಂದೆರಡು ಕೋನಗಳ ಅಳತೆ, ಒಂದು ಮೂಲೆಯಲ್ಲಿ 'ಎಕ್ಸ್'. ಇಷ್ಟು ಕಂಡ ಕೂಡಲೇ ಹೆಚ್ಚಿನವರು ಆ ಎಕ್ಸನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ದಿಟ್ಟಿಸಿದರೆ ಅದು ಬಾಯಿ ಬಿಡುವುದಿಲ್ಲ. ಎಕ್ಸನ್ನು ಸ್ವಲ್ಪ ಹೊತ್ತು ಮರೆತು, ಸಿಗುವ ಕೋನಗಳನ್ನೆಲ್ಲ ಚಿತ್ರದ ಮೇಲೇ ಬರೆಯುತ್ತಾ ಹೋಗಿ.

ಕೋನಮಾಪಕ ಪೆಟ್ಟಿಗೆಯಲ್ಲೇ ಇರಲಿ. ಇಂಥ ಚಿತ್ರಗಳನ್ನು ಅಳತೆಗೆ ಸರಿಯಾಗಿ ಬಿಡಿಸಿರುತ್ತಾರೆ ಅನ್ನುವ ಖಾತರಿ ಇಲ್ಲ. ನೋಡಲು ಲಂಬಕೋನದಂತಿದ್ದರೂ, ಮೂಲೆಯಲ್ಲಿ ಪುಟ್ಟ ಚೌಕದ ಗುರುತೋ ಪ್ರಶ್ನೆಯಲ್ಲಿ ಒಂದು ಮಾತೋ ಇಲ್ಲದಿದ್ದರೆ ಅದನ್ನು 90° ಅಂದುಕೊಳ್ಳುವಂತಿಲ್ಲ. ಕಣ್ಣನ್ನು ನಂಬಿ ನಾನು ಕಳೆದುಕೊಂಡ ಅಂಕಗಳಿಗೆ ಲೆಕ್ಕವಿಲ್ಲ.

ಮೊದಲು ಗೆರೆ

ನೇರ ಗೆರೆಯ ಒಂದೇ ಬದಿಯಲ್ಲಿ, ಒಂದೇ ಬಿಂದುವಿನಲ್ಲಿ ಕೂಡುವ ಕೋನಗಳ ಮೊತ್ತ 180°. ಬಿಂದುವಿನ ಸುತ್ತ ಪೂರ್ತಿ ಒಂದು ಸುತ್ತು ಬಂದರೆ 360°. ಎರಡು ಗೆರೆಗಳು ಕತ್ತರಿಯಂತೆ ಹಾದುಹೋದರೆ ಎದುರುಬದುರಿನ ಕೋನಗಳು ಸಮ. ಇವಕ್ಕೆ ಶೃಂಗಾಭಿಮುಖ ಕೋನಗಳು ಅಂತ ಹೆಸರು. ಹೆಸರು ಭಾರಿ, ಕೆಲಸ ಹಗುರ. ಒಂದು 70° ಆದರೆ ಎದುರಿನದೂ 70°, ಉಳಿದೆರಡು 110°. ಒಂದೇ ಅಳತೆಯಿಂದ ನಾಲ್ಕೂ ಸಿಕ್ಕವಲ್ವಾ?

ಆಮೇಲೆ ತ್ರಿಭುಜ

ತ್ರಿಭುಜದ ಒಳಗಿನ ಮೂರು ಕೋನ ಸೇರಿ 180°. ಎರಡು ಗೊತ್ತಿದ್ದರೆ ಮೂರನೆಯದು ಸುಮ್ನೆ ಕಳೆಯುವ ಲೆಕ್ಕ. ಚತುರ್ಭುಜಕ್ಕೆ ಒಂದು ಕರ್ಣ ಎಳೆದರೆ ಎರಡು ತ್ರಿಭುಜ, ಹಾಗಾಗಿ 360°.

ಎರಡು ಬಾಹು ಸಮ ಇದ್ದರೆ ಅವುಗಳ ಎದುರಿನ ಕೋನಗಳೂ ಸಮ. ಜಾಸ್ತಿ ಜನ ಎಡವುವುದು ಇಲ್ಲೇ. ಸಮದ್ವಿಬಾಹು ತ್ರಿಭುಜದ ಒಂದು ಕೋನ 40° ಎಂದಷ್ಟೇ ಹೇಳಿದರೆ ಉತ್ತರ ಎರಡು: ಉಳಿದವು 70°, 70° ಇರಬಹುದು, ಇಲ್ಲವೇ 40°, 100°. ಒಂದು ಕೋನ 100° ಎಂದಿದ್ದರೆ ಮಾತ್ರ ಗೊಂದಲವಿಲ್ಲ. ಅಂಥ ಎರಡು ಕೋನಗಳು ಒಂದೇ ತ್ರಿಭುಜದಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಉಳಿದವು 40°, 40°.

ಸಮಾಂತರ ಗೆರೆಗಳಿದ್ದರೆ

ಎರಡು ಸಮಾಂತರ ಗೆರೆಗಳನ್ನು ಮೂರನೆಯದೊಂದು ಕತ್ತರಿಸಿದರೆ, ಇಂಗ್ಲಿಷಿನ 'ಝಡ್' ಅಕ್ಷರದ ಎರಡು ಒಳಮೂಲೆಗಳಲ್ಲಿರುವ ಪರ್ಯಾಯ ಕೋನಗಳು ಸಮ. 'ಎಫ್' ಅಕ್ಷರದ ಎರಡು ಅಡ್ಡಗೆರೆಗಳ ಕೆಳಗಿರುವ ಅನುರೂಪ ಕೋನಗಳೂ ಸಮ. ಅಕ್ಷರ ತಲೆಕೆಳಗಾಗಿರಬಹುದು, ಕನ್ನಡಿಯಲ್ಲಿ ಕಂಡಂತೆಯೂ ಇರಬಹುದು. ಹಾಳೆ ತಿರುಗಿಸಿ ನೋಡಲು ನಾಚಿಕೆ ಬೇಡ.

ಈಗ ಒಂದು ಲೆಕ್ಕ

ಪೆನ್ಸಿಲ್ ತೆಗೆದುಕೊಳ್ಳಿ. ಮೇಲೆ ಅಬ, ಕೆಳಗೆ ಕಡ ಎಂಬ ಸಮಾಂತರ ಗೆರೆಗಳನ್ನು ಎಳೆಯಿರಿ. ಅಬ ನಡುವೆ ಪ ಬಿಂದು. ಅಲ್ಲಿಂದ ಕೆಳಗಿನ ಗೆರೆಗೆ ಎರಡು ಗೆರೆ ಇಳಿಸಿ: ಎಡಕ್ಕೆ ಮ, ಬಲಕ್ಕೆ ನ. ಕೊಟ್ಟಿರುವುದು ∠ಅಪಮ = 50°, ∠ಪನಡ = 125°. ಬೇಕಿರುವುದು ∠ಮಪನ.

∠ಪಮನ = 50° (ಪರ್ಯಾಯ ಕೋನ).
∠ಪನಮ = 180 − 125 = 55° (ನೇರ ಗೆರೆ).
∠ಮಪನ = 180 − 50 − 55 = 75° (ತ್ರಿಭುಜ).

ಕಂಸದಲ್ಲಿ ಕಾರಣ ಬರೆಯುವುದನ್ನು ಬಿಡಬೇಡಿ. ಉತ್ತರ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಹಿಡಿಯುವುದು ಆ ಕಾರಣಗಳಿಂದಲೇ. ಇದಕ್ಕೆ ಅಡ್ಡದಾರಿಯೂ ಉಂಟು. ತ್ರಿಭುಜದ ಒಂದು ಬಾಹುವನ್ನು ಮುಂದಕ್ಕೆ ಎಳೆದಾಗ ಹೊರಗೆ ಸಿಗುವ ಬಾಹ್ಯಕೋನ (ಇಲ್ಲಿ ∠ಪನಡ), ದೂರದ ಎರಡು ಒಳಕೋನಗಳ ಮೊತ್ತಕ್ಕೆ ಸಮ. ಹಾಗಾಗಿ 125 − 50 = 75, ಒಂದೇ ಸಾಲು.

ಇನ್ನು ತಾಳೆ ನೋಡಿ. ∠ನಪಬ ಕೂಡ ಪರ್ಯಾಯ ಕೋನವೇ, ಅದು 55°. ಪ ಬಿಂದುವಿನಲ್ಲಿ 50 + 75 + 55 = 180. ಗೆರೆಯ ನಿಯಮಕ್ಕೆ ಸರಿಹೋಯಿತು. ಆದರೆ ಆ ಮೂರು ಅಂಕಿಗಳು ಯಾವುವು? ತ್ರಿಭುಜದ ಮೂರು ಕೋನಗಳೇ ತಾನೇ! ಒಂದು ತುದಿಯ ಮೂಲಕ ಎದುರಿನ ಬಾಹುವಿಗೆ ಸಮಾಂತರ ಗೆರೆ ಎಳೆದರೆ ಯಾವ ತ್ರಿಭುಜದ ಕೋನಗಳಾದರೂ ಹೀಗೆ ನೇರ ಗೆರೆಯ ಮೇಲೆ ಬಂದು ಕೂರುತ್ತವೆ. ಮೊತ್ತ 180° ಆಗುವುದು ಇದಕ್ಕೇ. ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಇದನ್ನು ಸಾಧಿಸಿದ್ದೂ ಒಂದು ಸಮಾಂತರ ಗೆರೆ ಎಳೆದೇ.

ಈಗ ಅದೇ ಚಿತ್ರದಲ್ಲಿ 125° ಅಳಿಸಿ, ಬದಲಿಗೆ ಪಮ, ಪನ ಬಾಹುಗಳು ಸಮ ಎಂದು ಬರೆದುಕೊಂಡು ಮತ್ತೆ ಮಾಡಿ. ∠ಮಪನ 80° ಬರಬೇಕು.