ತಟ್ಟೆ ತೊಳೆಯುವವರು ಯಾರು?

ಬಡಾವಣೆಯಲ್ಲಿ ಸ್ಟೀಲ್ ತಟ್ಟೆಗಳ ಬ್ಯಾಂಕ್, ಅಂದರೆ ಸಮಾರಂಭದ ಊಟಗಳಿಗೆ ತಟ್ಟೆ ಲೋಟ ಎರವಲು ಕೊಡುವ ಏರ್ಪಾಡು, ನಡೆಸುತ್ತಿದ್ದೇವೆ ಎಂದರೆ ಎಲ್ಲರೂ ಮೊದಲು ಕೇಳುವುದು, ಅಷ್ಟು ತಟ್ಟೆಗೆ ದುಡ್ಡು ಎಲ್ಲಿಂದ ಬಂತು ಎಂದು. ಅದು ಸುಲಭದ ಪ್ರಶ್ನೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಯಾವ ಮನೆಯ ಅಟ್ಟ ಹತ್ತಿದರೂ ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬಂದ ಪಾತ್ರೆಗಳು ಹಳೆ ಸೀರೆಯ ಗಂಟಿನೊಳಗೆ ಕೂತಿರುತ್ತವೆ. ಅಂಚಿನಲ್ಲಿ ಕೊಟ್ಟವರ ಹೆಸರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೆತ್ತಿರುವುದರಿಂದ ಮಾರಲು ಮನಸ್ಸು ಬರುವುದಿಲ್ಲ. ಬಳಸೋಣವೆಂದರೆ ಮನೆಯಲ್ಲಿ ಅಷ್ಟು ಜನರಿಲ್ಲ. ಮನೆಮನೆಗೆ ಹೋಗಿ ಕೇಳಿದಾಗ ಹೆಂಗಸರು ಸಂತೋಷದಿಂದಲೇ ಇಳಿಸಿ ಕೊಟ್ಟರು. ಅಟ್ಟ ಖಾಲಿಯಾಯಿತೆಂಬ ಸಂತೋಷವೇ ಹೊರತು ಪರಿಸರ ಉಳಿಯಿತೆಂದಲ್ಲ. ಕಡಿಮೆ ಬಿದ್ದದ್ದಕ್ಕೆ ಚಂದಾ ಎತ್ತಿ, ಚಿಕ್ಕಪೇಟೆ ಕಡೆಯ ಪಾತ್ರೆ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡೆವು. 300 ತಟ್ಟೆ, ಅಷ್ಟೇ ಲೋಟ ಸೇರಿದವು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ತೊಳೆಯುವವರು ಯಾರು? ಪರಿಸರಸ್ನೇಹಿ ಬದುಕು ಎಂದು ನಾವು ಹೇಳಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ತೊಳೆಯುವ ಕೆಲಸವೇ ಎಂಬುದು ಇದಕ್ಕೆ ಇಳಿದ ಮೇಲೆ ನನಗೆ ಮನವರಿಕೆಯಾಯಿತು. ಸಸಿ ನೆಡುವುದು, ಜಾಥಾ, ಪ್ರತಿಜ್ಞಾವಿಧಿ ಎಲ್ಲವೂ ಒಂದು ಬೆಳಿಗ್ಗೆ ಮುಗಿದು, ಫೋಟೊ ತೆಗೆಸಿಕೊಂಡು ಮನೆಗೆ ಹೋಗಬಹುದು. ಫ್ಲೆಕ್ಸ್ ಬ್ಯಾನರಿನ ಕೆಳಗೆ ನಿಂತು ಪ್ಲಾಸ್ಟಿಕ್ ವಿರುದ್ಧ ಭಾಷಣ ಮಾಡಿದವರನ್ನೂ ನೋಡಿದ್ದೇನೆ. ತೊಳೆಯುವ ಕೆಲಸಕ್ಕೆ ವೇದಿಕೆ ಇಲ್ಲ.

ನಮ್ಮಲ್ಲಿ ಇದು ಶುರುವಾದದ್ದು ಗಣೇಶೋತ್ಸವದ ಅನ್ನಸಂತರ್ಪಣೆಯಿಂದ. ಅದಕ್ಕೆ ಮುಂಚಿನ ಕಥೆ ಬೆಂಗಳೂರಿನವರಿಗೆಲ್ಲ ಗೊತ್ತಿರುವುದೇ. ನಗರದ ಕಸವನ್ನು ಹೊರವಲಯದ ಹಳ್ಳಿಗಳಲ್ಲಿ ಸುರಿಯುತ್ತಿದ್ದರು; ಮೊದಲು ಮಾವಳ್ಳಿಪುರದವರು, 2014ರಲ್ಲಿ ಮಂಡೂರಿನವರು, ನಿಮ್ಮ ಊರಿನ ಕಸ ನಮಗೆ ಬೇಡವೆಂದು ಪಟ್ಟು ಹಿಡಿದು ಕೂತರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಬ್ಯಾಂಡೇಜ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್‌ಗಳನ್ನೆಲ್ಲ ನಿಷೇಧಿಸಿತು. ನಮ್ಮ ಪೆಂಡಾಲಿನವರು ಕಾನೂನು ಪಾಲಿಸಿದರು: ಬೆಳ್ಳಿ ಬಣ್ಣ ಬಳಿದ ಕಾಗದದ ತಟ್ಟೆ, ಕಾಗದದ ಲೋಟ ತಂದರು. ಕಾಗದದ ಲೋಟದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ, ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಹಾಗಾಗಿ ಅದು ಗೊಬ್ಬರವೂ ಆಗದು, ರದ್ದಿಗೂ ಹೋಗದು.

ಸಂತರ್ಪಣೆಯ ಮರುದಿನ ಆಟೋ ಟಿಪ್ಪರ್ ಬಂದಾಗ ಪೌರಕಾರ್ಮಿಕ ಹೆಂಗಸರಿಬ್ಬರು ಬೀದಿಯಲ್ಲೇ ಆ ಚೀಲಗಳನ್ನು ಸುರಿದುಕೊಂಡು, ಒಂದೊಂದೇ ತಟ್ಟೆಯಿಂದ ಹುಳಿ ಹಿಡಿದ ಅನ್ನ ಬಳಿದು ಬೇರೆ ಮಾಡುತ್ತಿದ್ದರು. ಬೇರೆ ಮಾಡದಿದ್ದರೆ ಅವರ ಗಾಡಿಯನ್ನು ಮುಂದೆ ಕಸದ ಘಟಕದೊಳಗೆ ಬಿಡುವುದಿಲ್ಲ. ಬಿಸಾಡುವ ತಟ್ಟೆ ತಂದರೆ ತೊಳೆಯುವ ಕೆಲಸ ತಪ್ಪಿತೆಂದು ನಾವು ತಿಳಿದಿರುತ್ತೇವೆ. ತಪ್ಪುವುದಿಲ್ಲ. ಮರುದಿನಕ್ಕೆ, ಬೇರೆಯವರ ಕೈಗೆ, ನೀರೂ ಇಲ್ಲದ ಕಡೆಗೆ ವರ್ಗವಾಗುತ್ತದೆ. ಸಮಿತಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ.

ಆಕ್ಷೇಪ ಬಂದದ್ದು ನಾನು ಎಣಿಸಿದ್ದ ಕಡೆಯಿಂದಲ್ಲ. ದುಡ್ಡಿನ ಮಾತು, ಜಾಗದ ಮಾತು ಬೇಗ ಮುಗಿಯಿತು. ಹಿರಿಯರೊಬ್ಬರು, “ಅಲ್ಲಮ್ಮ, ಯಾರು ಯಾರು ಉಂಡ ತಟ್ಟೆಯೋ ಏನೋ” ಎಂದರು. ಹಲವರು ಹೇಳಲಾಗದೆ ನುಂಗಿಕೊಂಡಿದ್ದನ್ನು ಅವರು ಬಾಯಿಬಿಟ್ಟು ಹೇಳಿದರು, ಅಷ್ಟೇ. ಬಳಸಿ ಬಿಸಾಡುವ ವಸ್ತುಗಳು ನಮ್ಮ ಸಮಾರಂಭಗಳಲ್ಲಿ ಅಷ್ಟು ಬೇಗ ಬೇರೂರಿದ್ದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ ಎಂದು ನನ್ನ ಅನಿಸಿಕೆ. ಇನ್ನೊಬ್ಬರ ಎಂಜಲನ್ನು ಮುಟ್ಟಬೇಕಿಲ್ಲ, ಇನ್ನೊಬ್ಬರು ಉಂಡದ್ದರಲ್ಲಿ ಉಣ್ಣಬೇಕಿಲ್ಲ. ನಮ್ಮ ಮಡಿಗೂ ಜಾತಿಗೂ ಅದು ಚೆನ್ನಾಗಿ ಒಗ್ಗಿಕೊಂಡಿತು. ಸಭೆಯಲ್ಲಿದ್ದ ಹುಡುಗಿಯೊಬ್ಬಳು, “ದರ್ಶಿನಿಯಲ್ಲಿ ದೋಸೆ ತಿನ್ನುವಾಗ ಕೇಳುತ್ತೀರಾ ಅಂಕಲ್?” ಎಂದಳು. ಅವರಿಗೆ ಸಿಟ್ಟು ಬಂತು. ವಾದ ಬೆಳೆಸುವುದು ಬೇಡವೆಂದು, ಬೇಕಾದವರು ತಮ್ಮ ತಟ್ಟೆ ಲೋಟ ಮನೆಯಿಂದಲೇ ತರಬಹುದು ಎಂದು ಗೊತ್ತು ಮಾಡಿದೆವು. ಅವರು ತಂದರು. ಅವರ ಮನೆಯವರೂ ತಂದರು. ಈಗ ಸುತ್ತಲಿನ ಎರಡು ಅಡ್ಡರಸ್ತೆಯವರು ಚೀಲದಲ್ಲಿ ತಟ್ಟೆ ಹಿಡಿದೇ ಊಟಕ್ಕೆ ಬರುತ್ತಾರೆ, ಉಂಡು ಮನೆಗೊಯ್ದು ತೊಳೆದುಕೊಳ್ಳುತ್ತಾರೆ. ನಮ್ಮ ಕೆಲಸವನ್ನು ಎಲ್ಲರಿಗಿಂತ ಹಗುರ ಮಾಡಿದವರು ಆಕ್ಷೇಪ ಎತ್ತಿದವರೇ.

ಇನ್ನು ತೊಳೆಯುವ ವಿಷಯ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ತೊಳೆಯುವ ಏರ್ಪಾಡು ಮಾಡಿದರೆ, ಅಲ್ಲಿಗೆ ಬರುವವರು ಮನೆಗೆಲಸದ ಹೆಂಗಸರು ಮಾತ್ರ. ಅದೇ ಟಬ್‌ಗಳನ್ನು ಸೊಂಟದೆತ್ತರದ ಮೇಜಿನ ಮೇಲಿಟ್ಟರೆ ಕಾಲೇಜು ಹುಡುಗರು, ನಿವೃತ್ತ ಅಧಿಕಾರಿಗಳು ಎಲ್ಲರೂ ತೋಳು ಮಡಿಸಿ ನಿಲ್ಲುತ್ತಾರೆ. ಇದನ್ನು ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಪೆಂಡಾಲಿನ ಹಿಂದೆ, ಉದ್ಯಾನದ ನಲ್ಲಿಯ ಬಳಿ, ಶಾಮಿಯಾನದವರ ಮೇಜುಗಳನ್ನು ಸಾಲಾಗಿ ಹಾಕಿಸುತ್ತೇವೆ. ಸಾಲಿನ ಮೊದಲಿಗೆ ಒಂದು ದೊಡ್ಡ ಬಕೆಟ್, ಅದರ ಪಕ್ಕ ತೆಂಗಿನ ನಾರಿನ ಉಂಡೆಗಳು. ಉಂಡವರು ತಮ್ಮ ತಟ್ಟೆಯಲ್ಲಿ ಉಳಿದದ್ದನ್ನು ತಾವೇ ನಾರಿನಿಂದ ಬಳಿದು ಬಕೆಟ್ಟಿಗೆ ಹಾಕಬೇಕು. ಎಷ್ಟು ಬಿಟ್ಟಿದ್ದೇವೆ ಎಂಬುದು ಹಿಂದೆ ನಿಂತವರಿಗೂ ಕಾಣುತ್ತದೆ. ಬೋರ್ಡು ಬರೆದು ಹಾಕಿದರೆ ಆಗದ ಕೆಲಸ ಇಲ್ಲಿ ತಾನಾಗಿಯೇ ಆಗುತ್ತದೆ.

ಆಮೇಲೆ ಮೂರು ಟಬ್. ಮೊದಲನೆಯದರಲ್ಲಿ ಸೀಗೆಪುಡಿ ಮತ್ತು ಅಂಟುವಾಳದ ನೀರು, ಎರಡನೆಯದರಲ್ಲಿ ಬರೀ ನೀರು, ಮೂರನೆಯದರಲ್ಲಿ ಅಡುಗೆಯವರ ಒಲೆಯಿಂದ ತಂದ ಬಿಸಿನೀರು. ಜಿಡ್ಡಿಗೆ ಸೀಗೆಪುಡಿಯನ್ನು ಮೀರಿಸಿದ್ದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಬಿಸಿಬೇಳೆ ಬಾತಿನ ತುಪ್ಪದ ಮುಂದೆ ಆ ಮಾತು ನಿಜವಾಯಿತು. ಆದರೆ ತಟ್ಟೆ ಒಣಗುವ ಮೊದಲೇ ಕೈಗೆ ಬರಬೇಕು. ಅರ್ಧ ಗಂಟೆ ಬಿಟ್ಟ ಬಿಸಿಬೇಳೆ ಬಾತು ತಟ್ಟೆಯನ್ನು ಬಿಡುವುದೇ ಇಲ್ಲ, ನೀರು ಎರಡರಷ್ಟು ಬೇಕಾಗುತ್ತದೆ. ಅದಕ್ಕಾಗಿ ಅಡುಗೆ ಭಟ್ಟರೊಂದಿಗೆ ಅಡುಗೆ ಪಟ್ಟಿ ಮಾಡುವಾಗ ತೊಳೆಯುವವರೂ ಕೂರುತ್ತಾರೆ. ಪುಳಿಯೋಗರೆ, ಕೋಸಂಬರಿ, ಮೊಸರನ್ನ ಇದ್ದ ವರ್ಷ ಕೆಲಸ ಸರಸರನೆ ಸಾಗುತ್ತದೆ.

ನೀರಿನ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. 2024ರ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿಯೂ ಒಣಗಿತ್ತು; ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಓಡುವ ನಲ್ಲಿಯ ಕೆಳಗೆ ತಟ್ಟೆ ತೊಳೆಯುವುದಾದರೆ ಆಕ್ಷೇಪ ಸರಿಯೇ. ಮೂರು ಟಬ್‌ನ ಕ್ರಮದಲ್ಲಿ, ಮೊದಲ ನೀರು ಮಂದವಾದಾಗ ಚೆಲ್ಲಿ, ಎರಡನೆಯದನ್ನು ಮೊದಲಿನ ಜಾಗಕ್ಕೆ ಸರಿಸುತ್ತ ಹೋದರೆ ಒಂದು ತಟ್ಟೆಗೆ ಒಂದು ಲೀಟರಿನ ಆಸುಪಾಸು ಸಾಕಾಗುತ್ತದೆ. ಸಾಬೂನಿಲ್ಲದ ಆ ನೀರು ಉದ್ಯಾನದ ಬಾಳೆಗಿಡದ ಪಾತಿಗೆ ಹೋಗುತ್ತದೆ. ಆ ಬೇಸಿಗೆಯಲ್ಲಿ ಮಾತ್ರ ಕೇಳಿದವರಿಗೆ ತಟ್ಟೆ ಕೊಡಲಿಲ್ಲ, ಬಾಳೆ ಎಲೆ ತನ್ನಿ ಎಂದೆವು. ನೀರಿಲ್ಲದಾಗ ಎಲೆಯೇ ಸರಿ. ಇದರಲ್ಲಿ ಹಠ ಬೇಡ.

ಬಕೆಟ್ಟಿನಲ್ಲಿ ಉಳಿದ ಊಟದ ಕಥೆ ಹೇಳದಿದ್ದರೆ ಅರ್ಧ ಹೇಳಿದಂತೆ. ನಮ್ಮಲ್ಲಿ ಸಾಕು ಎಂದವರಿಗೂ ಬಡಿಸುವುದೇ ಉಪಚಾರ. ಬಡಿಸುವ ಹುಡುಗರಿಗೆ ಚಿಕ್ಕ ಸೌಟು ಕೊಟ್ಟು, ಮತ್ತೊಮ್ಮೆ ಬನ್ನಿ, ಒಮ್ಮೆಗೇ ಸುರಿಯಬೇಡಿ ಎಂದು ಹೇಳಿದ್ದು ಎಲ್ಲ ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡಿತು. ಆದರೂ ಒಂದಷ್ಟು ಉಳಿಯುತ್ತದೆ. ಉದ್ಯಾನದ ಮೂಲೆಯ ಜಾಲರಿ ಗೂಡಿನಲ್ಲಿ ಅದನ್ನು ಗೊಬ್ಬರ ಮಾಡುತ್ತೇವೆ. ಇಲ್ಲಿ ಒಂದು ಕಾಲದ ತೊಡಕಿದೆ: ಗಣೇಶ ಬರುವುದು ಮಳೆಗಾಲದಲ್ಲಿ, ಮರಗಳು ಎಲೆ ಉದುರಿಸುವುದು ಜನವರಿ, ಫೆಬ್ರುವರಿಯಲ್ಲಿ. ಬೇಯಿಸಿದ ಅನ್ನಕ್ಕೆ ಒಣ ತರಗೆಲೆ ಹೇರಳವಾಗಿ ಬೇಕು; ಒಂದು ಬಕೆಟ್ ಊಟಕ್ಕೆ ಎರಡು ಮೂರು ಬಕೆಟ್ ಎಲೆ. ಹಿಂದೆಲ್ಲ ರಸ್ತೆ ಬದಿ ಸುಡುತ್ತಿದ್ದ ಹೊಂಗೆ ಎಲೆಯನ್ನು ಆಗಲೇ ಗೋಣಿಚೀಲಕ್ಕೆ ತುಂಬಿ, ಮಳೆ ತಾಗದ ಕಡೆ ಇಡುತ್ತೇವೆ. ಒಂದು ಪದರ ಎಲೆ, ಒಂದು ಪದರ ಊಟ, ಮೇಲೆ ಹುಳಿ ಮಜ್ಜಿಗೆಯ ಚಿಮುಕಿಕೆ. ಎರಡು ಮೂರು ದಿನಕ್ಕೆ ರಾಶಿಯ ನಡುವೆ ಕಬ್ಬಿಣದ ಸಲಾಕೆ ಚುಚ್ಚಿ ತೆಗೆದು ಹಿಡಿದು ನೋಡಬೇಕು. ಕೈ ಸುಡುವಷ್ಟು ಬಿಸಿ ಇದ್ದರೆ, ಅಂದರೆ 55ರಿಂದ 60 ಡಿಗ್ರಿಯಷ್ಟಿದ್ದರೆ, ಒಳಗೆ ಸೂಕ್ಷ್ಮಜೀವಿಗಳು ಕೆಲಸ ನಡೆಸಿವೆ ಎಂದರ್ಥ. ಕೆಟ್ಟ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಇನ್ನಷ್ಟು ಎಲೆ ಹಾಕಿ ತಿರುವಬೇಕು. ಇರುವೆ ಮುತ್ತಿದರೆ ಒಣಗಿದೆ, ನೀರು ಚಿಮುಕಿಸಬೇಕು. ದೇವರ ಹೂವೂ ಇದೇ ಗೂಡಿಗೆ ಬೀಳುತ್ತದೆ. ಆದರೆ ಈಚೆಗೆ ಹಾರಗಳಲ್ಲಿ ಹೊಳೆಯುವ ಪ್ಲಾಸ್ಟಿಕ್ ಜರಿ, ನೈಲಾನ್ ದಾರ. ಬಿಡಿಸುತ್ತ ಕೂತರೆ ಸಂಜೆಯಾಗುತ್ತದೆ. ಮುಂಗಡ ಕೊಡುವಾಗಲೇ ಬಾಳೆ ನಾರಿನಲ್ಲಿ ಕಟ್ಟಿಕೊಡಿ ಎಂದರೆ ಹೂವಿನವರು ಕಟ್ಟುತ್ತಾರೆ. ಅವರ ಅಮ್ಮಂದಿರು ಕಟ್ಟುತ್ತಿದ್ದದ್ದು ಅದರಲ್ಲೇ.

ಮನೆಯೊಳಗೂ ಇದೇ ತೊಳೆಯುವ ಪುರಾಣ. ಒಣ ಕಸ ಸಂಗ್ರಹ ಕೇಂದ್ರದಲ್ಲಿ ಅರ್ಧ ದಿನ ನಿಂತು ನೋಡಿ, ಹುಳಿತ ಹಾಲಿನ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ. ಹಾಲಿನ ಪೊಟ್ಟಣದ ಪ್ಲಾಸ್ಟಿಕ್ ಮರುಬಳಕೆಗೆ ಒಳ್ಳೆಯದು, ಆದರೆ ತೊಳೆದು ಒಣಗಿಸಿದ್ದರೆ ಮಾತ್ರ. ನಾನು ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಆ ಚೂರು ಯಾವ ಬುಟ್ಟಿಗೂ ಹೋಗದೆ ಚರಂಡಿ ಸೇರುತ್ತದೆ. ಸೀಳಿ, ತುಂಡು ಪೊಟ್ಟಣಕ್ಕೇ ಅಂಟಿಕೊಂಡಿರುವಂತೆ ಬಿಡುತ್ತೇನೆ. ಹಾಲು ಬಗ್ಗಿಸಿದ ಮೇಲೆ ಒಂದಿಷ್ಟು ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಪೊಟ್ಟಣವನ್ನು ಒಗೆದ ಬಟ್ಟೆಯ ಪಕ್ಕ ತಂತಿಗೆ ಸಿಕ್ಕಿಸುತ್ತೇನೆ. ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಚೀಲ ಹಾಸದಿದ್ದರೆ ಅದನ್ನೂ ದಿನಾ ತೊಳೆಯಬೇಕು. ಬಟ್ಟೆ ಚೀಲ ವಾರಕ್ಕೊಮ್ಮೆ ಒಗೆಯಬೇಕು, ಇಲ್ಲದಿದ್ದರೆ ಕೊತ್ತಂಬರಿಯ ಮಣ್ಣು ಸಕ್ಕರೆಗೆ.

ಇದನ್ನೆಲ್ಲ ಬರೆಯುವಾಗ ಯಾರಿಗೆ ಹೇಳುತ್ತಿದ್ದೇನೆ ಎಂಬ ಎಚ್ಚರವೂ ಇದೆ. ಪರಿಸರಕ್ಕಾಗಿ ಮನೆಯಲ್ಲಿ ಏನೇ ಬದಲಾದರೂ ಹೆಂಗಸರ ದಿನಕ್ಕೆ ಅರ್ಧ ಗಂಟೆ ಕೆಲಸ ಸೇರಿಕೊಳ್ಳುತ್ತದೆ, ಭಾಷಣ ಮಾಡುವವರು ಸಾಮಾನ್ಯವಾಗಿ ಗಂಡಸರು. ನಮ್ಮ ಮನೆಯಲ್ಲಿ ಪೊಟ್ಟಣ ಮತ್ತು ಬುಟ್ಟಿ ನನ್ನ ಯಜಮಾನರ ಪಾಲು. ತಟ್ಟೆ ಬ್ಯಾಂಕಿನ ಪಾಳಿ ಪಟ್ಟಿಯಲ್ಲಿಯೂ ಪ್ರತಿ ಮನೆಯಿಂದ ಒಬ್ಬ ಗಂಡಸಿನ ಹೆಸರು ಇರಲೇಬೇಕು. ಹೆಸರು ಕೊಡದ ಮನೆಗೆ ತಟ್ಟೆ ಸಿಗುವುದಿಲ್ಲ. ಈ ನಿಯಮಕ್ಕೆ ಗೊಣಗಿದವರಿದ್ದಾರೆ, ಆದರೆ ಮಗುವಿನ ನಾಮಕರಣ ಹತ್ತಿರ ಬಂದಾಗ ಹೆಸರು ಬರೆಸಿದ್ದಾರೆ.

ತಟ್ಟೆಗೆ ಬಾಡಿಗೆ ಇಲ್ಲ, ಠೇವಣಿ ಇದೆ. 25ರ ಕಟ್ಟುಗಳಾಗಿ ಗೋಣಿಯಲ್ಲಿ ಕಟ್ಟಿ ಕೊಡುತ್ತೇವೆ, ಎಣಿಸಲು ಸುಲಭ. ವಾಪಸು ಬಂದಾಗ ಪೂರ್ತಿ ಒಣಗಿರಬೇಕು. ಒದ್ದೆ ತಟ್ಟೆ ಒಂದರ ಮೇಲೊಂದು ಕೂತರೆ ಎರಡೇ ದಿನದಲ್ಲಿ ಮುಗ್ಗಲು ವಾಸನೆ. ಕಲ್ಯಾಣ ಮಂಟಪದ ಮದುವೆಗಳಿಗೆ ಕೇಳಿಕೊಂಡು ಬರುತ್ತಾರೆ, ಕೊಡುವುದಿಲ್ಲ. ಸಾವಿರ ಜನರ ಊಟಕ್ಕೆ ತೊಳೆಯುವ ಕೈಗಳನ್ನು ನಾವು ಹೊಂದಿಸಲಾರೆವು, ಅವರೂ ಹೊಂದಿಸುವುದಿಲ್ಲ; ಕೊನೆಗೆ ಮಂಟಪದ ಹಿಂದೆ ರಾತ್ರಿ ಹನ್ನೊಂದಕ್ಕೆ ಕೂಲಿ ಹೆಂಗಸರೇ ಕೂತು ಉಜ್ಜಬೇಕಾಗುತ್ತದೆ. ಬಾಳೆ ಎಲೆ ಹಾಕಿಸಿ, ನೀರಿಗೆ ಮಾತ್ರ ನಮ್ಮ ಲೋಟ ಒಯ್ಯಿರಿ ಎನ್ನುತ್ತೇವೆ. ಚಮಚ ಯಾರಿಗೂ ಕೊಡುವುದಿಲ್ಲ. ಕೊಟ್ಟಷ್ಟು ದಿನ ಒಮ್ಮೆಯೂ ಲೆಕ್ಕ ಸರಿಹೋಗಲಿಲ್ಲ, ಉಳಿದ ಊಟದ ಬಕೆಟ್ಟಿನಲ್ಲಿ ಬಿದ್ದು ಗೊಬ್ಬರದ ಗೂಡಿನಲ್ಲಿ ಸಿಕ್ಕವೂ ಇವೆ. ಪಾಯಸ ಬೇಕೆನ್ನುವವರು ಲೋಟದಲ್ಲಿ ಕುಡಿಯಬಹುದು.