ನೆರಳು ಕುಗ್ಗಿದರೆ ಗಂಟುಮೂಟೆ ಕಟ್ಟು: ಬೇಸಿಗೆ ಸುತ್ತಾಟದಲ್ಲಿ ನನ್ನ ಅನುಭವ

ಬೇಸಿಗೆ ರಜೆಯ ಸುತ್ತಾಟವೆಂದರೆ ಬೆಳಿಗ್ಗೆ ಹೊರಟು ಸಂಜೆ ಮರಳುವುದು ಎಂದು ನಂಬಿದವರೊಡನೆ ನಾನು ವರ್ಷಗಟ್ಟಲೆ ವಾದ ಮಾಡಿದ್ದೇನೆ. ಈಗ ಆ ವಾದದ ಅಗತ್ಯ ಉಳಿದಿಲ್ಲ. ಬಿಸಿಲಿಗೆ ಬೇಗ ಸೋಲುವ ವಯಸ್ಸಾದ ಅಮ್ಮ, ತಿರುವು ಕಂಡರೆ ವಾಂತಿ ಮಾಡುವ ಚಿಕ್ಕ ಮಗ, ಆಟದ ಜಾಗ ಬಿಟ್ಟು ಬರಲು ಒಪ್ಪದ ಮಗಳು, ಇಷ್ಟು ಜನರನ್ನು ಕಟ್ಟಿಕೊಂಡು ಇತ್ತೀಚಿನ ಬೇಸಿಗೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ವಾರವೂ ಹೊರಗೆ ಹೋಗಿ ಬಂದಿದ್ದೇವೆ. ಮರುದಿನ ಯಾರೂ ಹಾಸಿಗೆ ಹಿಡಿದಿಲ್ಲ. ಒಂದು ಸುತ್ತಾಟದ ಖರ್ಚು ಹಿಂದಿನದರ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಮೊದಲು ನಮ್ಮ ಮನೆಯಲ್ಲೇ ಇದನ್ನು ನಂಬುವವರಿರಲಿಲ್ಲ.

‘ಅಷ್ಟು ದೂರ ಹೋಗಿ ಊಟದ ಹೊತ್ತಿಗೆ ವಾಪಸ್ ಬರುವುದಾದರೆ ಹೋಗುವುದೇಕೆ?’ ಎಂದವರು ಭಾವ. ‘ಕತ್ತಲಲ್ಲಿ ಎಬ್ಬಿಸಿದ ಮಕ್ಕಳು ದಿನವಿಡೀ ರಚ್ಚೆ ಹಿಡಿಯುತ್ತವೆ, ನೋಡುತ್ತಿರು’ ಎಂದವರು ಅಮ್ಮ. ಅಮ್ಮನ ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಪರಿಹಾರ ಹುಡುಕಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಭಾವನವರ ಪ್ರಶ್ನೆಗೆ ಉತ್ತರ ಅದಕ್ಕಿಂತ ಸುಲಭ. ದಿನಪೂರ್ತಿಯ ಸುತ್ತಾಟದಲ್ಲಿ ನಮಗೆ ನಿಜವಾಗಿ ಖುಷಿ ಕೊಟ್ಟ ಹೊತ್ತನ್ನು ಲೆಕ್ಕ ಹಾಕಿದರೆ ಮೊದಲ ಎರಡು ಮೂರು ಗಂಟೆ ಮಾತ್ರ. ಉಳಿದದ್ದೆಲ್ಲ ನೆರಳು ಹುಡುಕುವುದು, ನೀರು ಹುಡುಕುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು.

ಮೊದಲು ಗಡಿಯಾರವನ್ನು ನಂಬಿದೆವು. ಬೆಳಿಗ್ಗೆ 10ರಿಂದ ಮಧ್ಯಾಹ್ನ 4ರವರೆಗೆ ಬಿಸಿಲಿನಲ್ಲಿ ಇರಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಹಾಗಾಗಿ ಹತ್ತಕ್ಕೆ ಹೊರಡುವುದೆಂದು ಕಟ್ಟು ಮಾಡಿದೆವು. ಅದು ನಿಲ್ಲಲಿಲ್ಲ. ಒಂದು ತಿಂಗಳು ಹತ್ತಕ್ಕೆ ಹಿತವಾಗಿದ್ದ ಬಿಸಿಲು ಇನ್ನೊಂದು ತಿಂಗಳು ಒಂಬತ್ತಕ್ಕೇ ಚುರುಗುಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಜಗಳ. ಗಡಿಯಾರ ಇರುವುದು ಅಪ್ಪ ಅಮ್ಮನ ಕೈಯಲ್ಲಿ, ಆದ್ದರಿಂದ ‘ಹೊರಡು’ ಎನ್ನುವವರೇ ಮಕ್ಕಳ ಕಣ್ಣಿಗೆ ವೈರಿಗಳು. ‘ಇನ್ನು ಐದೇ ನಿಮಿಷ’ ಎಂಬುದು ಒಂದು ಗಂಟೆಯಾಗಿ, ಕೊನೆಗೆ ಎಲ್ಲರೂ ಮುಖ ಊದಿಸಿಕೊಂಡು ಗಾಡಿ ಹತ್ತುತ್ತಿದ್ದೆವು.

ಗಡಿಯಾರದ ಬದಲು ನೆರಳನ್ನು ಹಿಡಿದ ಮೇಲೆ ಎಲ್ಲವೂ ದಾರಿಗೆ ಬಂತು. ತತ್ತ್ವ ನಿಮಗೆ ತಿಳಿದದ್ದೇ. ಸೂರ್ಯ 45 ಡಿಗ್ರಿ ಏರಿದಾಗ ನಮ್ಮ ನೆರಳು ನಮ್ಮ ಎತ್ತರಕ್ಕೆ ಸಮವಾಗುತ್ತದೆ. ಅದಕ್ಕಿಂತ ಗಿಡ್ಡವಾದರೆ ಚರ್ಮ ಸುಡುವ ನೇರಳಾತೀತ ಕಿರಣಗಳ ಕಾಟ ಜೋರಾಯಿತು ಎಂದರ್ಥ. ಯಾವ ಊರು, ಯಾವ ತಿಂಗಳು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಾನು ಮಾಡಿದ್ದು ಇಷ್ಟೇ: ಮಗಳ ಎತ್ತರಕ್ಕೆ ಒಂದು ದಾರ ಅಳೆದು ಅಲ್ಲಿ ಒಂದು ಗಂಟು ಹಾಕಿದೆ, ಅವಳ ಎತ್ತರದ ಒಂದೂವರೆ ಪಟ್ಟಿಗೆ ಇನ್ನೊಂದು ಗಂಟು. ಅವಳು ನಿಲ್ಲುತ್ತಾಳೆ, ತಮ್ಮ ದಾರ ಹಿಡಿದು ನೆರಳನ್ನು ಅಳೆಯುತ್ತಾನೆ. ನೆರಳು ದೂರದ ಗಂಟಿಗೆ ಇಳಿದರೆ ಕೊನೆಯ ಆಟ ಶುರು. ಹತ್ತಿರದ ಗಂಟಿಗೆ ಬಂದರೆ ಗಂಟುಮೂಟೆ ಕಟ್ಟುವುದು. ಎರಡು ಗಂಟುಗಳ ನಡುವೆ ಸುಮಾರು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ ಸಿಗುತ್ತದೆ. ಮಕ್ಕಳ ಮನಸ್ಸು ಆಟದಿಂದ ಹೊರಬರಲು ಅಷ್ಟು ಸಾಕು. ಈಗ ಹೊರಡಲು ಹೇಳುವುದು ಸೂರ್ಯ, ಅಳೆಯುವವರು ಅವರೇ. ಹೊರಡುವಾಗಿನ ಅಳು ನಿಂತದ್ದು ನನ್ನ ಮಟ್ಟಿಗೆ ಈ ಪದ್ಧತಿಯ ಅತಿ ದೊಡ್ಡ ಗೆಲುವು. ಬಿಸಿಲು ತಪ್ಪಿದ್ದು ಅದರ ನಂತರದ್ದು.

ದಾರದ ಲೆಕ್ಕ ಸೋಲುವ ಜಾಗಗಳೂ ಇವೆ. ಇಳಿಜಾರಿನಲ್ಲಿ ನೆರಳಿನ ಉದ್ದ ಸುಳ್ಳು ಹೇಳುತ್ತದೆ, ಸಮತಟ್ಟು ನೆಲವೇ ಬೇಕು. ಮೋಡದ ದಿನ ನೆರಳೇ ಇರುವುದಿಲ್ಲ, ಆದರೆ ತೆಳು ಮೋಡದ ಮೂಲಕ ನೇರಳಾತೀತ ಕಿರಣಗಳ ಶೇಕಡ 80ರಷ್ಟು ದಾಟಿ ಬರಬಲ್ಲದು. ಅಂಥ ದಿನ ಹಿಂದಿನ ಬಿಸಿಲಿನ ದಿನ ಗಂಟು ಸೇರಿದ ಹೊತ್ತನ್ನೇ ಅನುಸರಿಸುತ್ತೇವೆ. ಒಣ ಮರಳು ಕೂಡ ಶೇಕಡ 15ರಷ್ಟು ಕಿರಣಗಳನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತದೆ. ಹಾಗಾಗಿ ಮರಳಿರುವ ಕಡೆ ದೂರದ ಗಂಟಿಗೇ ಹೊರಟುಬಿಡುತ್ತೇವೆ.

ಕತ್ತಲಲ್ಲಿ ಎಬ್ಬಿಸುವ ಸಮಸ್ಯೆಗೆ ಬರುತ್ತೇನೆ. ಬೇಗ ಮಲಗಿಸುವುದು ಕೆಲಸ ಮಾಡಲಿಲ್ಲ, ಮಾರನೆಯ ದಿನದ ಉತ್ಸಾಹಕ್ಕೆ ಇಬ್ಬರೂ ನಿದ್ದೆ ಮಾಡುವುದಿಲ್ಲ. ಎಬ್ಬಿಸಿ ಸ್ನಾನ ಮಾಡಿಸಿದರೆ ಅಮ್ಮ ಹೇಳಿದಂತೆಯೇ ರಚ್ಚೆ. ಈಗ ರಾತ್ರಿಯೇ ಸ್ನಾನ, ಹೊರಗೆ ಹಾಕುವ ಹತ್ತಿಯ ಬಟ್ಟೆಯಲ್ಲೇ ನಿದ್ದೆ. ಬೆಳಿಗ್ಗೆ ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿದರೆ ಅರ್ಧ ದಾರಿ ನಿದ್ದೆಯಲ್ಲೇ ಕಳೆಯುತ್ತದೆ, ಚಿಕ್ಕವನ ವಾಂತಿಯ ಮುಕ್ಕಾಲು ಪಾಲು ಇದರಿಂದಲೇ ಹೋಯಿತು. ಕಣ್ಣು ‘ನಿಂತಿದ್ದೇನೆ’ ಎಂದು, ಒಳಕಿವಿ ‘ಚಲಿಸುತ್ತಿದ್ದೇನೆ’ ಎಂದು ಮೆದುಳಿಗೆ ಬೇರೆಬೇರೆ ಸುದ್ದಿ ಕಳಿಸುವುದರಿಂದ ಈ ಹೊಟ್ಟೆ ತೊಳಸುವಿಕೆ ಬರುತ್ತದೆ. ಕಣ್ಣು ಮುಚ್ಚಿದರೆ ಜಗಳವೇ ಇಲ್ಲ. ಎಚ್ಚರವಾದ ಮೇಲೆ ಮೊಬೈಲೂ ಇಲ್ಲ, ಪುಸ್ತಕವೂ ಇಲ್ಲ, ದೂರದ ಬೆಟ್ಟ ಅಥವಾ ಮರದ ಸಾಲಿನ ಮೇಲೆ ಕಣ್ಣಿಡಬೇಕು. ಹೊಟ್ಟೆ ಪೂರ್ತಿ ಖಾಲಿ ಇಟ್ಟು ನೋಡಿದೆವು, ತುಂಬಿಸಿ ನೋಡಿದೆವು, ಎರಡೂ ಕೆಟ್ಟದ್ದೇ. ಎಚ್ಚರವಾದ ಕೂಡಲೇ ಒಣ ತಿಂಡಿ ಎರಡು ತುತ್ತು, ನೀರು ಎರಡು ಗುಟುಕು, ಇದು ಅವನಿಗೆ ಹೊಂದುತ್ತದೆ. ಕಣ್ಣು ದೂರಕ್ಕೆ ನೆಟ್ಟಿರುವಂತೆ ಮಾಡಲು ನಾನು ಕಟ್ಟಿದ ಒಂದು ಆಟವಿದೆ. ಮಕ್ಕಳಿಗೆ ಕೊಟ್ಟ ಮಾತಿನಂತೆ ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಹಣದ ವಿಷಯದಲ್ಲಿ ಒಂದು ಬೇಸಿಗೆ ಪೂರ್ತಿ ಚೀಟಿಯಲ್ಲಿ ಬರೆದಿಟ್ಟೆ. ಇಂಧನ ಮತ್ತು ಪ್ರವೇಶ ಶುಲ್ಕವೇ ದೊಡ್ಡ ಹೊರೆ ಎಂದು ಎಲ್ಲರೂ ತಿಳಿದಿದ್ದೆವು. ಚೀಟಿ ಬೇರೆಯೇ ಹೇಳಿತು. ಖರ್ಚಿನ ಹತ್ತಿರಹತ್ತಿರ ಅರ್ಧ ಹೋಗಿದ್ದು ಮನೆಯಲ್ಲಿ ಆಗಲೇ ಇದ್ದ ಸಾಮಾನನ್ನು ದಾರಿಯಲ್ಲಿ ಮತ್ತೆ ಕೊಂಡದ್ದಕ್ಕೆ: ನೀರಿನ ಬಾಟಲಿ, ಟೋಪಿ, ಚಪ್ಪಲಿ, ನೋವಿನ ಮುಲಾಮು, ಬದಲಿ ಬಟ್ಟೆ. ಇನ್ನೊಂದು ಕಾಲು ಭಾಗ ಮಧ್ಯಾಹ್ನದ ಸುಸ್ತಿಗೆ ಕೊಂಡ ತಂಪು ಪಾನೀಯ, ಐಸ್‌ಕ್ರೀಮ್, ಕುಳಿತುಕೊಳ್ಳುವ ಜಾಗಕ್ಕಾಗಿಯೇ ಹೊಕ್ಕ ಹೋಟೆಲು. ಊಟದ ಹೊತ್ತಿಗೆ ಮನೆ ಸೇರಿದರೆ ಈ ಕಾಲು ಭಾಗ ತಾನಾಗಿ ಉಳಿಯುತ್ತದೆ. ಮೊದಲ ಅರ್ಧಕ್ಕೆ ಒಂದು ಚೀಲವನ್ನು ಬೇಸಿಗೆಯಿಡೀ ಬಾಗಿಲ ಬಳಿ ತೂಗುಹಾಕಿದ್ದೇವೆ, ಅದರೊಳಗಿನ ಸಾಮಾನನ್ನು ಮನೆ ಬಳಕೆಗೆ ಯಾರೂ ಮುಟ್ಟುವಂತಿಲ್ಲ.

ಆ ಚೀಲದಲ್ಲೇ ಒಂದು ಲಕೋಟೆ ಇದೆ. ಸುತ್ತಾಟಕ್ಕೆಂದು ತೆಗೆದಿಟ್ಟ ಹಣದ ಹತ್ತನೇ ಒಂದು ಪಾಲನ್ನು ಎಡವಟ್ಟುಗಳಿಗಾಗಿ ಅದರಲ್ಲಿ ಹಾಕುತ್ತೇನೆ. ಚಕ್ರ ಪಂಕ್ಚರ್ ಆದರೆ, ಕನ್ನಡಕ ಮುರಿದರೆ, ಚೆಂಡು ನೀರಿಗೆ ಹೋದರೆ ಅದರಿಂದಲೇ ಖರ್ಚು. ಉಳಿದದ್ದು ಮಕ್ಕಳಿಬ್ಬರಿಗೆ ಸಮಪಾಲು. ಈ ನಿಯಮ ಬಂದ ದಿನದಿಂದ ಚಪ್ಪಲಿ ಎಲ್ಲಿ ಬಿಟ್ಟೆವು, ನೀರಿನ ಬಾಟಲಿಯ ಮುಚ್ಚಳ ಎಲ್ಲಿ ಎಂದು ಹುಡುಕುವ ಕೆಲಸ ನನ್ನದಲ್ಲ. ‘ಮಕ್ಕಳಿಗೆ ಲಂಚ ಕಲಿಸುತ್ತಿದ್ದೀಯ’ ಎಂದು ಭಾವ ಆಕ್ಷೇಪಿಸಿದರು. ನಾನು ಹಾಗೆ ತಿಳಿಯುವುದಿಲ್ಲ. ಮನೆಯ ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಮಗಳು ಹತ್ತು ವರ್ಷಕ್ಕೇ ನನಗಿಂತ ಚೆನ್ನಾಗಿ ಬಲ್ಲಳು.

ನಾನು ಅತಿ ಹೆಚ್ಚು ಹಣ ಕಳೆದುಕೊಂಡದ್ದು ತಂಪು ಪೆಟ್ಟಿಗೆಯ ಪ್ರಯೋಗಗಳಲ್ಲಿ. ಅಂಗಡಿಯ ದುಬಾರಿ ಪೆಟ್ಟಿಗೆಯೊಂದು ಎರಡು ಗಂಟೆಯಲ್ಲೇ ಬೆಚ್ಚಗಾಯಿತು. ಕಾರಣ ಪೆಟ್ಟಿಗೆಯಲ್ಲ, ಅದರೊಳಗೆ ಇಟ್ಟದ್ದು. ತಣ್ಣೀರಿನ ಬಾಟಲಿಗಳನ್ನು ಎಷ್ಟು ತುಂಬಿದರೂ ಪ್ರಯೋಜನ ಕಡಿಮೆ. ಒಂದು ಕಿಲೋ ಮಂಜುಗಡ್ಡೆ ಕರಗಲು ಸುಮಾರು 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಸೊನ್ನೆ ಡಿಗ್ರಿಯ ಅಷ್ಟೇ ನೀರು 20 ಡಿಗ್ರಿಗೆ ಏರಲು ಹೀರುವುದು 20 ಮಾತ್ರ. ಹಾಗಾಗಿ ಈಗ ಕುಡಿಯುವ ನೀರಿನ ಅರ್ಧದಷ್ಟನ್ನು ಬಾಟಲಿಯಲ್ಲೇ ಹೆಪ್ಪುಗಟ್ಟಿಸುತ್ತೇನೆ, ಕರಗಿದ ಹಾಗೆ ಕುಡಿಯಲೂ ಬರುತ್ತದೆ. ಕುತ್ತಿಗೆಯವರೆಗೆ ತುಂಬಿದ ಬಾಟಲಿಗಳು ಫ್ರೀಜರ್‌ನಲ್ಲಿ ಬಿರಿದವು. ನೀರು ಗಡ್ಡೆಯಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆ, ಬಾಟಲಿಯ ಎಂಟನೇ ಒಂದು ಭಾಗ ಖಾಲಿ ಬಿಟ್ಟರೆ ಸರಿ. ಚೂರು ಗಡ್ಡೆಗಿಂತ ಇಡೀ ಬಾಟಲಿಯ ಗಡ್ಡೆ ಬಹಳ ಹೊತ್ತು ಉಳಿಯುತ್ತದೆ. ಗಡ್ಡೆ ಮೇಲೆ, ಡಬ್ಬಿ ಕೆಳಗೆ, ಸಂದುಗಳಿಗೆಲ್ಲ ಟವೆಲು. ದುಬಾರಿ ಪೆಟ್ಟಿಗೆಯನ್ನು ಕೊಟ್ಟುಬಿಟ್ಟೆ. ಔಷಧಿ ಕಳಿಸಲು ಬಳಸುವ ದಪ್ಪ ಥರ್ಮೋಕೋಲ್ ಪೆಟ್ಟಿಗೆ ಬಿಟ್ಟಿಯಾಗಿ ಸಿಕ್ಕಿತು, ಅದೇ ಸಾಕು. ಮುಚ್ಚಳದ ಅಂಚಿಗೆ ಏನು ಅಂಟಿಸಿದ್ದೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಇನ್ನೂ ಚಳಿಯಾಗಲಿ ಎಂದು ಒಮ್ಮೆ ಗಡ್ಡೆಗೆ ಉಪ್ಪು ಬೆರೆಸಿದೆ. ಉಪ್ಪು ಬೆರೆತ ಗಡ್ಡೆ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ, ಹೆಚ್ಚಿಟ್ಟ ಹಣ್ಣೆಲ್ಲ ಕಲ್ಲಾಗಿ, ಕರಗಿದ ಮೇಲೆ ಮುದ್ದೆಯಾಯಿತು. ಒದ್ದೆ ಬಟ್ಟೆ ಸುತ್ತಿದ ಬಾಟಲಿಯನ್ನು ಗಾಳಿಗೆ ತೂಗುಹಾಕುವ ಹಳೆಯ ಉಪಾಯವನ್ನೂ ಪರೀಕ್ಷಿಸಿದೆ. ಒಣ ಗಾಳಿಯಲ್ಲಿ ಚೆನ್ನಾಗಿ ತಣಿಯುತ್ತದೆ, ತೇವದ ಗಾಳಿಯಲ್ಲಿ ಬಟ್ಟೆ ಆರುವುದೇ ಇಲ್ಲ, ನೀರು ಹಾಗೆಯೇ ಉಳಿಯುತ್ತದೆ. ಬೇಯಿಸಿದ ತಿಂಡಿಯ ಮಟ್ಟಿಗೆ ನಾನು ಯಾವ ಪ್ರಯೋಗಕ್ಕೂ ಕೈ ಹಾಕುವುದಿಲ್ಲ. ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಪೆಟ್ಟಿಗೆಯಿಂದ ತೆಗೆದ ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು, ಉಳಿದರೆ ಚೆಲ್ಲಬೇಕು.

ನಿಂತ ಕಾರಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ಬಿಸಿಲಿಗೆ ನಿಲ್ಲಿಸಿದ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಿತು, ಕಿಟಕಿಯನ್ನು ಬೆರಳಿನಷ್ಟು ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಗುವಿನ ಮೈ ದೊಡ್ಡವರದ್ದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ‘ಮಲಗಿದೆ, ಒಂದು ನಿಮಿಷ ಬರುತ್ತೇನೆ’ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಅವಕಾಶವೇ ಇಲ್ಲ. ಮರಳಿ ಹತ್ತುವ ಮುನ್ನ ಒಂದು ಬದಿಯ ಕಿಟಕಿ ಇಳಿಸಿ ಎದುರಿನ ಬಾಗಿಲನ್ನು ಐದಾರು ಬಾರಿ ಬೀಸಿದರೆ ಒಳಗಿನ ಕಾದ ಗಾಳಿ ಹೊರಬೀಳುತ್ತದೆ.

ಅಮ್ಮನಿಗೆ ತಲೆ ಸುತ್ತು ಬಂದದ್ದು ದಾರದ ಪದ್ಧತಿಗೆ ಮುಂಚೆ. ನೆರಳಿನಲ್ಲಿ ಮಲಗಿಸಿ ಕಾಲು ಎತ್ತರಿಸಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದ ಲೆಕ್ಕದಲ್ಲಿ ಓಆರ್‌ಎಸ್ ಕದಡಿ ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಚೇತರಿಸಿಕೊಂಡರು. ಮಾತು ತಡವರಿಸಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕೆಂಡವಾದರೆ ಮಾತ್ರ ಕಾಯಬಾರದು, ಮೈಗೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಓಡಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ‘ಬಾಯಾರಿಕೆಯಾದರೆ ಹೇಳಮ್ಮ’ ಎಂದರೆ ಉಪಯೋಗವಿಲ್ಲ. ಮಕ್ಕಳು ನೆರಳು ಅಳೆದಾಗಲೆಲ್ಲ ಅಜ್ಜಿಗೆ ಒಂದು ಲೋಟ ನೀರು ಕೊಡುವುದನ್ನು ರೂಢಿ ಮಾಡಿದ್ದೇವೆ. ಅಮ್ಮ ಬೇಡ ಎನ್ನುವುದು ನನಗೆ, ಮೊಮ್ಮಕ್ಕಳಿಗಲ್ಲ.

ಚಪ್ಪಲಿಯ ಪಟ್ಟಿ ಕಿತ್ತುಹೋಗುವುದಕ್ಕೆ ಎರಡು ಕೇಬಲ್ ಟೈ, ಒಂದು ಸೇಫ್ಟಿ ಪಿನ್ ಇದ್ದರೆ ಮನೆ ಮುಟ್ಟಬಹುದು. ಹೊಸ ಪಾದರಕ್ಷೆಯನ್ನು ಸುತ್ತಾಟದ ದಿನವೇ ಉದ್ಘಾಟಿಸುವುದನ್ನು ನಿಲ್ಲಿಸಿದ ಮೇಲೆ ಗುಳ್ಳೆಗಳೂ ಹೋದವು. ಸನ್‌ಸ್ಕ್ರೀನ್‌ನಲ್ಲಿ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಶಕ್ತಿಯ ಅಳತೆ) 30 ಆ ಸುಡುವ ಕಿರಣಗಳನ್ನು ಶೇಕಡ 97ರಷ್ಟು ತಡೆದರೆ 50 ತಡೆಯುವುದು 98ರಷ್ಟು. ಆ ಒಂದಂಶಕ್ಕೆ ಹೆಚ್ಚು ಹಣ ಕೊಡುವ ಬದಲು ಧಾರಾಳವಾಗಿ ಬಳಿದು ಎರಡು ಗಂಟೆಗೊಮ್ಮೆ ಮತ್ತೆ ಬಳಿಯುವುದು ಮೇಲು.

ಭಾವನವರ ಮನೆಯಲ್ಲೂ ಈಗ ದಾರವಿದೆ. ಅವರ ಮಗನೇ ಬಂದು ಅಳೆಸಿಕೊಂಡು ಹೋದ. ಅವರು ಅದಕ್ಕೆ ಮೂರನೇ ಗಂಟು ಸೇರಿಸಿದ್ದಾರಂತೆ, ತಿಂಡಿಗಾಗಿ. ಒಳ್ಳೆಯ ಯೋಚನೆ, ನಾನೂ ಹಾಕಿಸಬೇಕು.

ಸಂಜೆಯ ಸುತ್ತಾಟ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಲೆಕ್ಕವನ್ನು ತಿರುಗಿಸಿ, ನೆರಳು ಎತ್ತರ ದಾಟಿ ಬೆಳೆದ ಮೇಲೆ ಹೊರಟು ನೋಡಿದೆವು. ಬಿಸಿಲೇನೋ ತಪ್ಪುತ್ತದೆ, ಆದರೆ ನೆಲ ಮತ್ತು ಕಲ್ಲು ದಿನವಿಡೀ ಕುಡಿದ ಶಾಖವನ್ನು ಉಗುಳುತ್ತಿರುತ್ತವೆ, ಸೊಳ್ಳೆ ಬೇರೆ, ಮರಳುವಷ್ಟರಲ್ಲಿ ಚಿಕ್ಕವನು ಊಟವಿಲ್ಲದೆ ಮಲಗಿರುತ್ತಾನೆ. ಅವನ ಊಟವನ್ನು ಮನೆಯಲ್ಲೇ ಮುಗಿಸಿ, ಕಲ್ಲುಹಾಸಿನ ಜಾಗ ಬಿಟ್ಟು ಹುಲ್ಲಿರುವ ಕಡೆಗೆ ಮಾತ್ರ ಹೋಗುವುದನ್ನು ಈ ಬೇಸಿಗೆ ಪರೀಕ್ಷಿಸುತ್ತಿದ್ದೇವೆ. ಸೊಳ್ಳೆಗೆ ಉದ್ದ ತೋಳಿನ ತೆಳು ಬಟ್ಟೆ ಪರವಾಗಿಲ್ಲ ಅನ್ನಿಸಿದೆ, ಮುಲಾಮುಗಳ ಪೈಕಿ ಮಗಳ ಚರ್ಮಕ್ಕೆ ಒಗ್ಗುವುದು ಯಾವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.